ಕುಂಬಳೆಯಲ್ಲಿ ರೈಲು ಹತ್ತಿದ ಅಕ್ಕನಿಗೆ

ಕಾಸರಗೋಡಿನಲ್ಲಿ ನಾನು ಓದಿದ್ದು ಕನ್ನಡ ಮಾಧ್ಯಮ. ಕಾಲೇಜಿನ ಬೀಜಗಣಿತ ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಪರೀಕ್ಷೆಯ ದಿನ ಮಂಗಳೂರು ರೈಲಿನಲ್ಲಿ ಪುಸ್ತಕ ತೆರೆದು ಕೂತಿದ್ದೆ, ಕಣ್ಣು ತುಂಬಿತ್ತು. (ಎ+ಬಿ)² ಬಿಡಿಸಿದಾಗ ನಡುವೆ 2ಎಬಿ ಎಲ್ಲಿಂದ ಬರುತ್ತದೆ ಅಂತಲೇ ತಿಳಿಯುತ್ತಿರಲಿಲ್ಲ.

ಕುಂಬಳೆಯಲ್ಲಿ ಹತ್ತಿದ ಅಕ್ಕ ಒಬ್ಬರು "ಎಂತ, ಲೆಕ್ಕವಾ?" ಅಂದರು. ಚೀಲದಿಂದ ಅಂಗಡಿ ಚೀಟಿ ತೆಗೆದು, ಹಿಂಬದಿಯಲ್ಲಿ ಒಂದು ಚೌಕ ಬರೆದರು. ಬದಿಯ ಉದ್ದ ಎ+ಬಿ. ಒಳಗೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ದೊಡ್ಡ ಚೌಕ ಎ², ಸಣ್ಣದು ಬಿ². ಉಳಿದ ಎರಡು ಆಯತಗಳ ಮೇಲೆ ಬೆರಳಿಟ್ಟು, "ಇವನ್ನು ಬಿಡ್ಲಿಕ್ಕೆ ಆಗ್ತದಾ?" ಅಂತ ಕೇಳಿದರು. ಒಂದೊಂದೂ ಎಬಿ, ಅಲ್ವಾ! ಎದೆಯ ಭಾರ ಅಲ್ಲೇ ಇಳಿಯಿತು.

ಮಂಜೇಶ್ವರದಲ್ಲಿ ಇಳಿಯುವಾಗ ಪೆನ್ನನ್ನೂ ನನ್ನ ಕೈಗೇ ಕೊಟ್ಟರು. ಹೆಸರು ಕೇಳುವಷ್ಟೂ ಹೊತ್ತಿರಲಿಲ್ಲ. ಅಕ್ಕಾ, ಆ ಲೆಕ್ಕ ಪರೀಕ್ಷೆಗೆ ಬಂತು, ಪೂರ್ತಿ ಬರೆದೆ. ತುಂಬಾ ಥ್ಯಾಂಕ್ಸ್.