ಒಂದಿಂಚಿನ ಮಾತು

ಬಸವನಗುಡಿ, ಬೆಂಗಳೂರು

ಪುಟ್ಟೀ,

ಆಶೀರ್ವಾದಗಳು. ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬಿಡು. ನಿನ್ನ ಕಾಗದದಲ್ಲಿ ಒಂದು ಸಾಲಿದೆಯಲ್ಲ, 'ಗೆಳತಿ ಕೊಟ್ಟ ಬಾಣ 26 ಇಂಚು, ಪೂರ್ತಿ ಎಳೆದರೆ ಮೊನೆ ಬೆರಳಿನ ಮೇಲೇ ಬಂದು ನಿಲ್ಲುತ್ತೆ ದೊಡ್ಡಪ್ಪಾ' ಅಂತ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಇನ್ನೊಂದು ಅರ್ಧ ಇಂಚು ಹೆಚ್ಚಿಗೆ ಎಳೆದರೆ ಮೊನೆ ಶೆಲ್ಫಿನಿಂದ, ಅಂದರೆ ಬಿಲ್ಲಿನಲ್ಲಿ ಬಾಣ ಕೂರುವ ಪುಟ್ಟ ಕಟ್ಟೆಯಿಂದ, ಒಳಗೆ ಜಾರುತ್ತೆ. ಆಗ ಹೆದೆ ಬಿಟ್ಟರೆ ಬಾಣಕ್ಕೆ ಮುಂದೆ ಹೋಗಲು ದಾರಿಯಿಲ್ಲ. ಬಿಲ್ಲಿನ ಹಿಡಿಗೆ ಗುದ್ದಿ ಸೀಳುತ್ತೆ, ಇಲ್ಲವೇ ನಿನ್ನ ಎಡಗೈಗೇ ನಾಟುತ್ತೆ. ಕಾರ್ಬನ್ ಬಾಣ ಒಡೆದರೆ ಸೂಜಿಯಂಥ ಎಳೆಗಳು ಮಾಂಸದೊಳಗೆ ಹೋಗುತ್ತವೆ. ಬಿಲ್ಲು ಕೊಡಿಸಿದ ದಿನವೇ ಬಾಣದ ಮಾತೆತ್ತದೆ ಇದ್ದದ್ದು ನನ್ನ ತಪ್ಪು. ಬಿಲ್ಲಿನ ಚಂದ ನೋಡುತ್ತಾ ಅದೊಂದನ್ನು ಮರೆತೆ.

ಮೊದಲು ಅಳತೆ. ಉದ್ದದ, ಕತ್ತರಿಸದ ಬಾಣವೊಂದನ್ನು ತೊಟ್ಟು ಎಳೆ. ಬಿಲ್ಲಿನ ಮುಂಭಾಗ, ಅಂದರೆ ಗುರಿಯ ಕಡೆಯ ಅಂಚು ಬರುವ ಜಾಗದಲ್ಲಿ ಗೆಳತಿ ಪೆನ್ನಿನಿಂದ ಗುರುತು ಹಾಕಲಿ. ಅವಳು ಪಕ್ಕದಲ್ಲಿ ನಿಲ್ಲಬೇಕು, ಎದುರಿಗೆ ಬರಬಾರದು. ಹೆದೆ ಬಿಡಬೇಡ, ನಿಧಾನಕ್ಕೆ ವಾಪಸ್ ತಾ. ಹತ್ತು ಸಲ ಮಾಡಿ, ಎಲ್ಲಕ್ಕಿಂತ ಉದ್ದದ ಗುರುತು ಹಿಡಿ. ನಿನ್ನ ಎಳೆತ, ಅಂದರೆ ಹೆದೆಯಿಂದ ಆ ಗುರುತಿನವರೆಗಿನ ಉದ್ದ, 27 ಇಂಚಾದರೆ ಬಾಣ 29 ಇರಲಿ. ಬೆನ್ನಿನ ಬಲದಿಂದ ಎಳೆಯುವುದು ರೂಢಿಯಾದಂತೆ ಎಳೆತ ಬೆಳೆಯುತ್ತೆ. ಇವತ್ತು ಬೆರಳ ಮೇಲಿರುವ ಮೊನೆ ಆಗ ಎಲ್ಲಿರುತ್ತೆ, ಯೋಚನೆ ಮಾಡು.

ಉದ್ದ ಹೆಚ್ಚಿದರೆ ಬಾಣ ಹೆಚ್ಚು ಬಾಗುತ್ತೆ, ಆದ್ದರಿಂದ ಸ್ಪೈನ್, ಅಂದರೆ ಬಾಣದ ಬಿಗಿತದ ಸಂಖ್ಯೆ, ಕೂಡ ನೋಡಬೇಕಾಗುತ್ತೆ. ಇಲ್ಲಿ ಅಂಗಡಿಯವರೂ ತಡವರಿಸುತ್ತಾರೆ. ಮರದ ಬಾಣದಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಬಿಗಿ, ಕಾರ್ಬನ್‌ನಲ್ಲಿ ದೊಡ್ಡದಾದಷ್ಟೂ ಮೆದು. 28 ಇಂಚಿನ ಎಳೆತಕ್ಕೆ 35 ಪೌಂಡ್ ಬಲ ಎಂದು ಬರೆದಿರುವ ನಿನ್ನ ಬಿಲ್ಲು 27ಕ್ಕೆ ಸುಮಾರು 33 ಕೊಡುತ್ತೆ. ಮರವಾದರೆ 35–40, ಕಾರ್ಬನ್ ಆದರೆ 600 ಅಥವಾ 700ರಿಂದ ಶುರು ಮಾಡಬಹುದು. ಮರದ್ದನ್ನು ಮನೆಯಲ್ಲೇ ಪರೀಕ್ಷಿಸಬಹುದು: 26 ಇಂಚು ಅಂತರದ ಎರಡು ಮೊಳೆಗಳ ಮೇಲೆ ಕಡ್ಡಿ ಇಟ್ಟು, ನಡುವೆ 907 ಗ್ರಾಂ ತೂಕ ನೇತುಹಾಕು. ಎಷ್ಟು ಇಂಚು ಬಾಗಿತೋ ಅದರಿಂದ 26ನ್ನು ಭಾಗಿಸಿದರೆ ಸ್ಪೈನ್ ಸಿಗುತ್ತೆ. 0.65 ಇಂಚು ಬಾಗಿದರೆ 40. ನೀನು ಬಲಗೈಯವಳು, ಬಾಣ ಬಿಗಿಯಾದರೆ ಎಡಕ್ಕೆ, ಮೆದುವಾದರೆ ಬಲಕ್ಕೆ ಹೋಗುತ್ತೆ. ಮೆದು ಅನ್ನಿಸಿದರೆ ಮೊನೆಯ ತೂಕ ಇಳಿಸು, ಇಲ್ಲವೇ ಕಾಲಿಂಚು ಕಾಲಿಂಚಾಗಿ ಕತ್ತರಿಸು. ಆದರೆ 28ಕ್ಕಿಂತ ಕೆಳಗೆ ಬೇಡ. ಗುರಿ ತಪ್ಪಿದರೆ ತಪ್ಪಲಿ, ಮೊನೆ ಬಿಲ್ಲಿನ ಹೊರಗಿರಲಿ.

ಹಗುರ ಬಾಣದ ಆಸೆಯೂ ಬೇಡ. ಬಾಣ ಹೊತ್ತೊಯ್ಯದ ಶಕ್ತಿಯೆಲ್ಲ ಬಿಲ್ಲಿನ ರೆಕ್ಕೆಗಳಲ್ಲೇ ಉಳಿದು ಅವನ್ನು ಸೀಳಿಸಬಹುದು. ಬಿಲ್ಲಿನ ಪ್ರತಿ ಪೌಂಡಿಗೆ ಬಾಣದ ತೂಕ 10 ಗ್ರೇನ್ (ಬಾಣ ತೂಗುವ ಪುಟ್ಟ ಅಳತೆ) ಲೆಕ್ಕ ಹಿಡಿ, 35 ಪೌಂಡಿಗೆ ಸುಮಾರು 22.7 ಗ್ರಾಂ ಆಗುತ್ತೆ. 18ಕ್ಕಿಂತ ಇಳಿಯಬಾರದು. ಎಸ್.ಪಿ. ರಸ್ತೆಯಿಂದ ಪುಟ್ಟ ಡಿಜಿಟಲ್ ತಕ್ಕಡಿ ತಂದು ಕಳಿಸುತ್ತೇನೆ.

ಶೆಲ್ಫಿನ ಮೇಲಿಂದ ನೇರ ಬಿಡುವುದರಿಂದ ಹಕ್ಕಿಯ ಗರಿಯೇ ಬೇಕು. ಪ್ಲಾಸ್ಟಿಕ್ಕಿನದು ತಗುಲಿ ಬಾಣವನ್ನು ಎಗರಿಸುತ್ತೆ. ನಾಕ್, ಅಂದರೆ ಬಾಣದ ಹಿಂತುದಿಯ ಸೀಳು, ಹೆದೆಗೆ ಕಚ್ಚಿ ನೇತಾಡಬೇಕು, ಹೆದೆಗೆ ಮೆಲ್ಲಗೆ ತಟ್ಟಿದರೆ ಉದುರಬೇಕು. ಕಾರ್ಬನ್ ಬಾಣವನ್ನು ಪ್ರತಿ ಸಲವೂ ಮೈಯಿಂದ ಆಚೆಗೆ ಮೆಲ್ಲಗೆ ಬಾಗಿಸಿ ಕೇಳು. ಚಟಚಟ ಅಂದರೆ ಮುರಿದು ಬಿಸಾಕು. ಇಷ್ಟೆಲ್ಲ ಒಂದೇ ಕಾಗದದಲ್ಲಿ ತುಂಬಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಮ್ಮ, ಇವೆಲ್ಲ ಆಮೇಲೆ ನಿಧಾನಕ್ಕೆ ಕೂತು ಮಾಡಿದರೂ ಆಯಿತು.

ಆ ಆರು ಬಾಣ ಮಾತ್ರ ನಾಳೆಯೇ ಗೆಳತಿಗೆ ವಾಪಸ್ ಕೊಡು. ಅವಳ ಎಳೆತ ನಿನಗಿಂತ ಗಿಡ್ಡ ಇರಬೇಕು, ಅದಕ್ಕೇ ಅವಳಿಗೆ ಸರಿಹೋಗುತ್ತಿವೆ. ಆದರೂ ಅವಳ ಮೊನೆ ಎಲ್ಲಿ ನಿಲ್ಲುತ್ತೆ ಅಂತ ಒಮ್ಮೆ ನೋಡು. ಕೊಟ್ಟ ಕೂಡಲೇ ಫೋನ್ ಮಾಡು.

ನಿನ್ನ
ದೊಡ್ಡಪ್ಪ