ಕೋಟಿ ರೂಪಾಯಿಯ ಕಾರಿಗೂ ಬಿಡಿಬಿಡಿ ಲೆಕ್ಕ ಬೇಕು

ಸಂಪಾದಕರಿಗೆ,

ಮಾನ್ಯರೇ,

ಒಂದು ಕೋಟಿ ರೂಪಾಯಿ ಕೊಟ್ಟು ಸ್ಪೋರ್ಟ್ಸ್ ಕಾರು ಕೊಳ್ಳುವವರು ಒಂದೆರಡು ಲಕ್ಷಕ್ಕಾಗಿ ಚೌಕಾಸಿಗೆ ಇಳಿಯಬಾರದು, ಅದು ಅವರ ಅಂತಸ್ತಿಗೆ ತಕ್ಕುದಲ್ಲ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಕೊಳ್ಳುವವರಲ್ಲೂ ಆ ಸಂಕೋಚವಿದೆ, ಮಾರುವವರಿಗೆ ಅದರ ಅರಿವೂ ಇದೆ. ಮೈಸೂರಿನಲ್ಲಿ ತೆರಿಗೆ ಸಲಹೆಗಾರನಾಗಿರುವ ನನ್ನ ಬಳಿಗೆ ವೈದ್ಯರು, ಕಾಫಿ ತೋಟದ ಮಾಲೀಕರು, ಸ್ವಂತ ಉದ್ಯಮ ನಡೆಸುವ ಯುವಕರು ಇಂಥ ಕಾರುಗಳ ಕೊಟೇಶನ್ ಹಿಡಿದು ಬರುತ್ತಾರೆ. ಅವರೆಲ್ಲರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇದರಲ್ಲಿ ಎಷ್ಟು ಬಿಡಿಸಬಹುದು ಸಾರ್?’ ಆದರೆ ಕೊಟೇಶನ್ನಿನಲ್ಲಿರುವ ಯಾವ ಮೊತ್ತ ಸರ್ಕಾರಕ್ಕೆ ಹೋಗುತ್ತದೆ, ಯಾವುದು ಕಂಪನಿಗೆ, ಯಾವುದು ಶೋರೂಂನ ಕೈಯಲ್ಲೇ ಉಳಿಯುತ್ತದೆ ಎಂಬುದನ್ನು ವಿಂಗಡಿಸಿಕೊಳ್ಳದೆ ಈ ಪ್ರಶ್ನೆಗೆ ಯಾರೂ ಉತ್ತರ ಹೇಳಲಾರರು. ಆ ವಿಂಗಡಣೆ ಗ್ರಾಹಕನಿಗೆ ಸುಲಭವಾಗಿ ಸಿಗಬೇಕು ಎಂದು ಕೋರುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ತೆರಿಗೆಯ ಪಾಲನ್ನು ನೋಡೋಣ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಂಜಿನ್ನಿನ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಮೇಲೆ ಶೇ 40ರ ಜಿಎಸ್‌ಟಿ ಇದೆ, ಪರಿಹಾರ ಸೆಸ್ ಇಲ್ಲ. ಅದಕ್ಕೂ ಮೊದಲು ಶೇ 28ರ ಜಿಎಸ್‌ಟಿಯ ಜೊತೆಗೆ, ಎಸ್‌ಯುವಿ ಅಲ್ಲದ ದೊಡ್ಡ ಕಾರುಗಳಿಗೆ ಶೇ 20ರ ಸೆಸ್ ಸೇರಿ ಒಟ್ಟು ಶೇ 48 ಆಗುತ್ತಿತ್ತು. ಅಂದರೆ ಹಳೆಯ ದರದಲ್ಲಿ ಒಂದು ಕೋಟಿ ಎಕ್ಸ್ ಶೋರೂಂ ಬೆಲೆಯಿದ್ದ (ಜಿಎಸ್‌ಟಿ ಸೇರಿದ, ನೋಂದಣಿ ಮತ್ತು ವಿಮೆ ಸೇರದ ಬೆಲೆ) ಕಾರು, ಮೂಲ ಬೆಲೆ ಬದಲಾಗದಿದ್ದರೆ, ಹೊಸ ದರದಲ್ಲಿ ಸುಮಾರು 94.6 ಲಕ್ಷಕ್ಕೆ ಸಿಗಬೇಕು. ಈ ಇಳಿಕೆಯನ್ನೇ ‘ವಿಶೇಷ ರಿಯಾಯಿತಿ’ ಎಂದು ಹೆಸರಿಸಿ ಹಳೆಯ ಬೆಲೆಪಟ್ಟಿಯ ಪಕ್ಕದಲ್ಲಿ ಬರೆದುಕೊಟ್ಟ ಕೊಟೇಶನ್ ಒಂದನ್ನು ನಾನೇ ನೋಡಿದ್ದೇನೆ. ಸರ್ಕಾರ ಬಿಟ್ಟುಕೊಟ್ಟ ಹಣ ಶೋರೂಂನ ಔದಾರ್ಯವಾಗಲಾರದು. ರಿಯಾಯಿತಿಯ ಮಾತು ಹೊಸ ಬೆಲೆಯಿಂದ ಕೆಳಕ್ಕೆ ಶುರುವಾಗಬೇಕು.

ಪೂರ್ತಿ ತಯಾರಾಗಿ ವಿದೇಶದಿಂದ ಹಡಗಿನಲ್ಲಿ ಬರುವ ಕಾರುಗಳ ಲೆಕ್ಕ ಇನ್ನೂ ಭಾರ. ಪೋರ್ಷೆ 911, ಬಿಎಂಡಬ್ಲ್ಯು ಎಂ2 ಮುಂತಾದವು ಈ ವರ್ಗಕ್ಕೆ ಸೇರುತ್ತವೆ. 40 ಸಾವಿರ ಡಾಲರ್‌ಗಿಂತ ಹೆಚ್ಚು ಬೆಲೆಯ ಇಂಥ ಕಾರುಗಳ ಮೇಲಿನ ಒಟ್ಟು ಆಮದು ಸುಂಕ ಶೇ 110. ಬಂದರಿನಲ್ಲಿ 50 ಲಕ್ಷ ಮೌಲ್ಯದ ಕಾರಿಗೆ ಸುಂಕ ಸೇರಿದಾಗ ಅದು 1.05 ಕೋಟಿಯಾಗುತ್ತದೆ, ಅದರ ಮೇಲೆ ಜಿಎಸ್‌ಟಿ ಬಿದ್ದಾಗ 1.47 ಕೋಟಿ. ಕಂಪನಿಯ ಮತ್ತು ಶೋರೂಂನ ಲಾಭ ಇನ್ನೂ ಸೇರಿರುವುದಿಲ್ಲ. ಬಣ್ಣ, ಸೀಟಿನ ಚರ್ಮ, ಗಾಲಿ, ಬ್ರೇಕು ಎಂದು ಕಾರ್ಖಾನೆಯಲ್ಲೇ ಹಾಕಿಸಿಕೊಳ್ಳುವ ಆಯ್ಕೆಗಳ ಮೇಲೂ ಇದೇ ಸುಂಕ, ಇದೇ ತೆರಿಗೆ. ಆಯ್ಕೆಗಳ ಪಟ್ಟಿಯನ್ನು ಕೈಬಿಚ್ಚಿ ತುಂಬಿದ ಮೇಲೆ ಕೊನೆಯಲ್ಲಿ ಒಂದೆರಡು ಲಕ್ಷ ಬಿಡಿಸಲು ಹೆಣಗುವುದಕ್ಕಿಂತ, ಬೇಡದ ಎರಡು ಆಯ್ಕೆಗಳನ್ನು ಮೊದಲೇ ಹೊಡೆದುಹಾಕುವುದರಿಂದ ಉಳಿಯುವ ಹಣ ಹೆಚ್ಚು. ಇದನ್ನು ಸೇಲ್ಸ್‌ನವರು ತಾವಾಗಿ ಹೇಳುವುದಿಲ್ಲ.

ಇನ್ನು ನಮ್ಮ ರಾಜ್ಯದ ಪಾಲು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11ರ ಸೆಸ್. ಎರಡೂ ಸೇರಿ ಶೇ 19.98. ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಇದನ್ನು ಹಾಕುವುದರಿಂದ ತೆರಿಗೆಯ ಮೇಲೆ ಮತ್ತೆ ತೆರಿಗೆ ಕಟ್ಟಿದಂತಾಗುತ್ತದೆ, ಇದು ನ್ಯಾಯವೇ ಎಂಬ ಪ್ರಶ್ನೆ ನನಗೂ ಇದೆ, ಆದರೆ ಶೋರೂಂನಲ್ಲಿ ಕುಳಿತು ಬಗೆಹರಿಸುವ ಪ್ರಶ್ನೆ ಅದಲ್ಲ. ವಿದ್ಯುತ್ ಕಾರುಗಳಿಗೆ ಜಿಎಸ್‌ಟಿ ಶೇ 5 ಮಾತ್ರ. 25 ಲಕ್ಷ ಮೀರಿದವಕ್ಕೆ 2024ರಿಂದ ಶೇ 10ರ ಜೀವಿತಾವಧಿ ತೆರಿಗೆ ಬಂದಿದೆ. 10 ಲಕ್ಷ ಮೀರಿದ ಯಾವುದೇ ಕಾರಿಗೆ ಶೋರೂಂನವರು ಶೇ 1ರಷ್ಟು ಟಿಸಿಎಸ್ (ಮಾರುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ಮುಂಗಡ ಆದಾಯ ತೆರಿಗೆ) ವಸೂಲು ಮಾಡುತ್ತಾರೆ. ಅದನ್ನು ಖರ್ಚೆಂದು ಭಾವಿಸಬೇಕಾಗಿಲ್ಲ. ಗ್ರಾಹಕರ ಪ್ಯಾನ್‌ಗೆ ಜಮೆಯಾಗುವ ಆ ಮೊತ್ತವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ಮರಳಿ ಪಡೆಯಬಹುದು.

ಇಷ್ಟು ಗೊತ್ತಿದ್ದರೆ ಕೊಟೇಶನ್ ಓದುವ ಬಗೆಯೇ ಬದಲಾಗುತ್ತದೆ. ಪರಿಚಯದ ವೈದ್ಯರೊಬ್ಬರು ತಂದ ಕೊಟೇಶನ್ನಿನಲ್ಲಿ ಎಕ್ಸ್ ಶೋರೂಂ ಬೆಲೆ 98 ಲಕ್ಷ ಎಂದಿತ್ತು. ಅದರ ಕೆಳಗೆ ‘ಆರ್‌ಟಿಒ ಮತ್ತು ಇತರೆ’ ಎಂಬ ಒಂದೇ ಸಾಲಿನಲ್ಲಿ 21,40,000 ರೂಪಾಯಿ. ಶೇ 19.98ರಂತೆ ಲೆಕ್ಕ ಹಾಕಿದರೆ ತೆರಿಗೆ 19,58,040 ರೂಪಾಯಿಯೇ ಆಗುತ್ತದೆ. ಆಮದು ಕಾರಿನ ನೋಂದಣಿ ಶುಲ್ಕ 5,000, ಸಾಲವಿದ್ದರೆ ಅದರ ನಮೂದಿಗೆ 1,500, ಹೀಗೆ ಚಿಲ್ಲರೆ ಶುಲ್ಕಗಳನ್ನೆಲ್ಲ ಕೂಡಿದರೂ ಹತ್ತು–ಹನ್ನೆರಡು ಸಾವಿರದ ಮಾತು. ಅತಿ ಸುರಕ್ಷಿತ ನಂಬರ್ ಪ್ಲೇಟಿಗೆ ಬೇರೆ ಹಣ ಕೇಳುವಂತಿಲ್ಲ, 2019ರ ಏಪ್ರಿಲ್‌ನಿಂದ ಅದು ಹೊಸ ವಾಹನದ ಬೆಲೆಯಲ್ಲೇ ಸೇರಿದೆ. ಉಳಿದ ಒಂದೂಮುಕ್ಕಾಲು ಲಕ್ಷಕ್ಕೆ ಸಮೀಪದ ಹಣ ಯಾವುದಕ್ಕೆ ಎಂದು ವೈದ್ಯರು ಬಾಯಲ್ಲಿ ಕೇಳಿದಾಗ ‘ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಏಜೆಂಟ್ ಖರ್ಚು, ಎಲ್ಲರೂ ಕೊಡುತ್ತಾರೆ’ ಎಂಬ ಉತ್ತರ ಬಂತು. ಅದನ್ನೇ ಪತ್ರದಲ್ಲಿ ಬರೆದು, ಪ್ರತಿಯೊಂದಕ್ಕೂ ರಸೀದಿ ಕೊಡುವಿರಾ ಎಂದು ಕೇಳಿದ ಮೇಲೆ ಪರಿಷ್ಕೃತ ಕೊಟೇಶನ್ ಬಂದಿತು, ಆ ಮೊತ್ತ ಮಾಯವಾಗಿತ್ತು. ವೈದ್ಯರು ಇದನ್ನು ‘ರಿಯಾಯಿತಿ’ ಎಂದುಕೊಂಡು ಸಂತೋಷಪಟ್ಟರು. ಕಾರಿನ ಬೆಲೆಯಲ್ಲಿ ಅಲ್ಲಿಯವರೆಗೆ ಒಂದು ರೂಪಾಯಿಯೂ ಇಳಿದಿರಲಿಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕಾಯಿತು.

ನಿಜವಾದ ಚೌಕಾಸಿಗೆ ಅವಕಾಶವಿರುವುದು ಬಿಲ್ಲಿನ ಬೆಲೆ, ವಿಮೆ, ಹಳೆಯ ಕಾರಿನ ವಿನಿಮಯ ಮತ್ತು ಸಾಲ, ಇವುಗಳಲ್ಲಿ. ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿಗೆ ಜಿಎಸ್‌ಟಿ ಬೀಳುವುದಿಲ್ಲ. ಆದ್ದರಿಂದ ಎಕ್ಸ್ ಶೋರೂಂ ಬೆಲೆಯಲ್ಲಿ 1.40 ಲಕ್ಷ ಇಳಿಸಿದರೆ ಮಾರುವವರ ಕೈಯಿಂದ ಹೋಗುವುದು 1 ಲಕ್ಷ ಮಾತ್ರ, ಉಳಿದ 40 ಸಾವಿರ ತೆರಿಗೆಯಲ್ಲಿ ಕಡಿಮೆಯಾಗುತ್ತದೆ. ಇದರ ಬದಲು ಅಷ್ಟೇ ಮೊತ್ತದ ಆಕ್ಸೆಸರಿ ಅಥವಾ ಬಣ್ಣದ ಲೇಪನವನ್ನು ಉಚಿತವಾಗಿ ಕೊಡುತ್ತೇವೆ ಎಂದರೆ ಆ ವಸ್ತುಗಳ ಬೆಲೆಯಲ್ಲಿ ಶೋರೂಂನ ಲಾಭ ಮೊದಲೇ ಅಡಗಿರುತ್ತದೆ, ಕಾರಿನ ಬಿಲ್ಲಿನ ತೆರಿಗೆಯೂ ಹಾಗೆಯೇ ಉಳಿಯುತ್ತದೆ. ಬಿಲ್ಲಿನಲ್ಲಿ ಇಳಿಸಿ ಎಂದು ಪಟ್ಟು ಹಿಡಿಯುವುದು ಗ್ರಾಹಕರ ಹಕ್ಕು.

ಎಲ್ಲ ಕಾರುಗಳಲ್ಲೂ ಬೆಲೆ ಇಳಿಸಲು ಬರುವುದಿಲ್ಲ ಎಂಬುದನ್ನೂ ಒಪ್ಪಬೇಕು. ಮರ್ಸಿಡಿಸ್ ಬೆಂಜ್ 2021ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಕಂಪನಿಯೇ ನೇರವಾಗಿ ಬಿಲ್ ಮಾಡುವ, ದೇಶದಾದ್ಯಂತ ಒಂದೇ ಬೆಲೆ ಇಡುವ ಪದ್ಧತಿಗೆ ಬದಲಾಯಿತು. ಅಲ್ಲಿ ಊರಿನ ಶೋರೂಂನವರ ಕೈ ಕಟ್ಟಿರುತ್ತದೆ. ಕೆಲವೇ ಸಂಖ್ಯೆಯಲ್ಲಿ ಬಂದು, ಕಾಯುವವರ ಸಾಲು ಉದ್ದವಿರುವ ಮಾದರಿಗಳಿಗೆ ರಿಯಾಯಿತಿ ಕೇಳಿದರೂ ಸಿಗದು. ಅದೇ ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿರುವ, ಕಳೆದ ವರ್ಷ ತಯಾರಾದ ಕಾರಾದರೆ ಪರಿಸ್ಥಿತಿ ಪೂರ್ತಿ ಬೇರೆ. ಮಾರಾಟದ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷ ನಮೂದಾಗುತ್ತದೆ, ಮುಂದೆ ಆರ್‌ಸಿಯಲ್ಲೂ ಅದೇ ಇರುತ್ತದೆ, ನಾಳೆ ಮರುಮಾರಾಟಕ್ಕೆ ಹೋದಾಗ ಮೊದಲು ಕೇಳುವುದೂ ಅದನ್ನೇ. ಹಾಗಾಗಿ ಮುಂಗಡ ಕೊಡುವ ಮೊದಲೇ ಚಾಸಿಸ್ ಸಂಖ್ಯೆ ಮತ್ತು ತಯಾರಿಕೆಯ ತಿಂಗಳನ್ನು ಬರೆಸಿಕೊಳ್ಳಬೇಕು. ಡಿಸೆಂಬರ್‌ನ ಕೊನೆಯ ವಾರದಲ್ಲಿ ಆತುರ ಇರುವುದು ಶೋರೂಂಗೆ, ಕೊಳ್ಳುವವರಿಗಲ್ಲ.

ವಿಮೆಯ ವಿಷಯದಲ್ಲಿ ಆಗುತ್ತಿರುವ ನಷ್ಟ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 1500 ಸಿಸಿ ಮೀರಿದ ಎಂಜಿನ್ನಿಗೆ 2022ರಲ್ಲಿ ಸರ್ಕಾರ ನಿಗದಿ ಮಾಡಿದ ದರದಂತೆ ಅದು 24,596 ರೂಪಾಯಿ, ಜಿಎಸ್‌ಟಿ ಬೇರೆ. ಈ ಭಾಗದಲ್ಲಿ ಯಾವ ಕಂಪನಿಯಲ್ಲೂ ವ್ಯತ್ಯಾಸವಿಲ್ಲ. ಆದರೆ ಕಾರಿಗೇ ಆಗುವ ಹಾನಿಯ ವಿಮೆಯಲ್ಲಿ ದರ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಶೋರೂಂನಲ್ಲಿ ಮೂರೂವರೆ ಲಕ್ಷ ಹೇಳಿದ ಪಾಲಿಸಿ, ಅದೇ ಐಡಿವಿ (ವಿಮೆಯಲ್ಲಿ ಕಾರಿಗೆ ಕಟ್ಟಿದ ಮೌಲ್ಯ), ಅದೇ ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ರಕ್ಷಣೆ), ಅದೇ ಎಂಜಿನ್ ಮತ್ತು ಟೈರು ರಕ್ಷಣೆಯೊಂದಿಗೆ ಹೊರಗೆ ಎರಡೂಕಾಲು ಲಕ್ಷಕ್ಕೆ ಸಿಕ್ಕಿದ್ದನ್ನು ನಾನು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ‘ನಮ್ಮಲ್ಲೇ ವಿಮೆ ಮಾಡಿಸಿದರೆ ಮಾತ್ರ ಈ ರಿಯಾಯಿತಿ’ ಎಂಬ ಷರತ್ತನ್ನು ಬಹಳಷ್ಟು ಜನ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಾರೆ. ವಿಮೆಯನ್ನು ಎಲ್ಲಿ ಬೇಕಾದರೂ ಕೊಳ್ಳುವ ಸ್ವಾತಂತ್ರ್ಯ ಗ್ರಾಹಕರಿಗಿದೆ. ಶೋರೂಂಗಳ ಮೂಲಕ ವಿಮೆ ಮಾರುವ ಬಗ್ಗೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಒಂದು ವಸ್ತು ಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕು ಎಂದು ಕಟ್ಟುಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ನಮ್ಮ ರಸ್ತೆಗಳ ಗುಂಡಿಗಳಲ್ಲಿ ತೆಳು ಟೈರಿನ, ನೆಲಕ್ಕಂಟಿದಂತಿರುವ ಸ್ಪೋರ್ಟ್ಸ್ ಕಾರು ಓಡಿಸುವವರಿಗೆ ಟೈರಿನ ರಕ್ಷಣೆ ಬೇಕೇ ಬೇಕು, ಅದನ್ನು ಉಳಿತಾಯದ ಆಸೆಗೆ ಬಿಡಬಾರದು ಎಂಬುದನ್ನೂ ಸೇರಿಸುತ್ತೇನೆ.

ಹಳೆಯ ಕಾರನ್ನು ಕೊಟ್ಟು ಹೊಸದನ್ನು ಪಡೆಯುವಾಗ ಎರಡೂ ವ್ಯವಹಾರಗಳು ಒಂದೇ ಸಂಖ್ಯೆಯಲ್ಲಿ ಬೆರೆತುಹೋಗುತ್ತವೆ. ಹೊಸ ಕಾರಿಗೆ ನಾಲ್ಕು ಲಕ್ಷ ಬಿಟ್ಟೆವು ಎನ್ನುವವರು ಹಳೆಯದಕ್ಕೆ ಐದು ಲಕ್ಷ ಕಡಿಮೆ ಕಟ್ಟಿದರೆ ಗ್ರಾಹಕರಿಗೆ ಉಳಿದದ್ದೇನು? ಹೊಸ ಕಾರಿನ ಬೆಲೆ ಬರಹದಲ್ಲಿ ಖಚಿತವಾಗುವವರೆಗೆ ಹಳೆಯ ಕಾರಿನ ಪ್ರಸ್ತಾಪವನ್ನೇ ಮಾಡದಿರುವುದು ಲೇಸು. ಸಾಲದಲ್ಲೂ ಹಾಗೆಯೇ, ಬಡ್ಡಿದರವನ್ನು ಬೇರೆ ಬ್ಯಾಂಕಿನಲ್ಲಿ ವಿಚಾರಿಸದೆ ಮಾಸಿಕ ಕಂತಿನ ಮಾತಿಗೆ ಒಪ್ಪಬಾರದು.

ಮುಂಗಡ ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಡೆಲಿವರಿ ದಿನದ ಬೆಲೆಯೇ ಅನ್ವಯ’ ಎಂಬ ಸಾಲು ಇರುವುದುಂಟು. ಆಮದು ಕಾರಿಗೆ ತಿಂಗಳುಗಟ್ಟಲೆ ಕಾಯಬೇಕಾಗುವುದರಿಂದ ಈ ಒಂದು ಸಾಲು ಲಕ್ಷಗಳ ವಿಷಯ. ಯೂರೋ ದರ ಏರಿದಾಗ, ಜನವರಿಯಲ್ಲಿ ಕಂಪನಿಗಳು ಬೆಲೆ ಏರಿಸಿದಾಗ ಹೊರೆ ಗ್ರಾಹಕರ ಮೇಲೆ ಬೀಳುತ್ತದೆ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದಲ್ಲಿ ನಿಗದಿತ ಸಂಖ್ಯೆಯ ಬ್ರಿಟನ್ ಕಾರುಗಳಿಗೆ ಆಮದು ಸುಂಕವನ್ನು ಹಂತಹಂತವಾಗಿ ಶೇ 10ಕ್ಕೆ ಇಳಿಸಲು ಅವಕಾಶವಿದೆ. ಏರಿದರೆ ನಾನು ಹೊರುವುದಾದರೆ ಸುಂಕ ಇಳಿದಾಗ ಅದರ ಲಾಭವೂ ನನಗೇ ಸಿಗಬೇಕು ಎಂಬ ಷರತ್ತನ್ನು ಅದೇ ರಸೀದಿಯಲ್ಲಿ ಬರೆಸಿಕೊಳ್ಳುವುದು ಯಾವ ದೃಷ್ಟಿಯಿಂದಲೂ ಅತಿಯಾಸೆಯಲ್ಲ.

ಹಣ ಉಳಿಸುವ ದಾರಿ ಎಂದು ಕೆಲವರು ಹೇಳಿಕೊಡುವ ಇನ್ನೊಂದು ಉಪಾಯವನ್ನು ಮಾತ್ರ ನಾನು ಖಂಡಿತವಾಗಿ ವಿರೋಧಿಸುತ್ತೇನೆ. ತೆರಿಗೆ ಕಡಿಮೆ ಇರುವ ರಾಜ್ಯದಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓಡಿಸುವುದು ಚೌಕಾಸಿಯಲ್ಲ, ತೆರಿಗೆ ತಪ್ಪಿಸುವುದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡ ವಾಹನಕ್ಕೆ ಅಲ್ಲಿಯ ನೋಂದಣಿ ಪಡೆಯಲೇಬೇಕು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿ ಕಾರೊಂದರಿಂದ ಸಾರಿಗೆ ಅಧಿಕಾರಿಗಳು ದಂಡ ಸಹಿತ ಸುಮಾರು 1.41 ಕೋಟಿ ರೂಪಾಯಿ ತೆರಿಗೆ ವಸೂಲು ಮಾಡಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಭಾಗಶಃ ನಗದು ಕೊಟ್ಟರೆ ಕಡಿಮೆ ಮಾಡುತ್ತೇವೆ ಎಂಬ ಮಾತಿಗೂ ಕಿವಿಗೊಡಬಾರದು. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ವಂಚನೆಯಾದರೆ ದೂರು ಕೊಡುವ ದಾರಿ ಇದೆ. ಪಾವತಿಸಿದ ಬೆಲೆ 50 ಲಕ್ಷ ಮೀರಿ 2 ಕೋಟಿಯವರೆಗೆ ಇದ್ದರೆ ಜಿಲ್ಲಾ ಆಯೋಗದ ಬದಲು ಬೆಂಗಳೂರಿನ ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗಬೇಕು, ಅದನ್ನೂ ಮೀರಿದರೆ ರಾಷ್ಟ್ರೀಯ ಆಯೋಗಕ್ಕೆ. ಕಂಪನಿಯ ಹೆಸರಿನಲ್ಲಿ ಕೊಂಡರೆ ಗ್ರಾಹಕ ಎನಿಸಿಕೊಳ್ಳುವುದಿಲ್ಲ ಎಂಬ ವಾದವನ್ನು ನಂಬಿ ಸುಮ್ಮನಾಗುವವರು ಇದ್ದಾರೆ. ನಿರ್ದೇಶಕರ ಬಳಕೆಗೆ ಕಂಪನಿ ಕೊಂಡ ಕಾರು ಅಷ್ಟಕ್ಕೇ ವಾಣಿಜ್ಯ ಉದ್ದೇಶದ್ದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಆದರೆ ದೆಹಲಿಗೋ ಬೆಂಗಳೂರಿಗೋ ಅಲೆಯುವ ಹಂತಕ್ಕೆ ಹೋಗದಂತೆ ತಡೆಯುವುದು ಸುಲಭ.

ಅದಕ್ಕಾಗಿ ರಾಜ್ಯದ ಸಾರಿಗೆ ಇಲಾಖೆ ಮತ್ತು ಗ್ರಾಹಕ ವ್ಯವಹಾರಗಳ ಇಲಾಖೆ ಸೇರಿ, ಮುಂಗಡ ಪಡೆಯುವ ಮೊದಲು ಪ್ರತಿಯೊಂದು ಶೋರೂಂ ಗ್ರಾಹಕರಿಗೆ ಸಹಿ ಮಾಡಿ ಕೊಡಲೇಬೇಕಾದ ಒಂದೇ ಮಾದರಿಯ ಕೊಟೇಶನ್ ನಮೂನೆಯನ್ನು ಕನ್ನಡದಲ್ಲೂ ರೂಪಿಸಬೇಕೆಂದು ಕೋರುತ್ತೇನೆ. ಜಿಎಸ್‌ಟಿಗೆ ಮೊದಲಿನ ಬೆಲೆ, ಜಿಎಸ್‌ಟಿ, ಜೀವಿತಾವಧಿ ತೆರಿಗೆ, ಸೆಸ್, ನೋಂದಣಿ ಶುಲ್ಕ, ಟಿಸಿಎಸ್ ಇವು ಅದರಲ್ಲಿ ಬೇರೆಬೇರೆ ಸಾಲುಗಳಲ್ಲಿರಬೇಕು. ‘ಇತರೆ’ ಎಂಬ ಸಾಲು ಇರಕೂಡದು. ತಯಾರಿಕೆಯ ತಿಂಗಳು ನಮೂದಾಗಿರಬೇಕು, ವಿಮೆಯನ್ನು ಹೊರಗೆ ಕೊಳ್ಳಬಹುದು ಎಂಬ ಮಾತು ವಿಮೆಯ ಸಾಲಿನಲ್ಲೇ ಅಚ್ಚಾಗಿರಬೇಕು. ಈ ನಮೂನೆ ಕೋಟಿ ಬೆಲೆಯ ಕಾರಿಗೆ ಮಾತ್ರವಲ್ಲ, ಆರು ಲಕ್ಷದ ಕಾರಿಗೂ ಅನ್ವಯವಾಗಬೇಕು. ಅಲ್ಲಿ ಹತ್ತು ಸಾವಿರ ಹ್ಯಾಂಡ್ಲಿಂಗ್ ಶುಲ್ಕ ತೆರುವ ಕುಟುಂಬಕ್ಕೆ ಆ ಹಣದ ಭಾರ ಇನ್ನೂ ಹೆಚ್ಚು.

ಇಂತಿ,
ಓದುಗ, ಮೈಸೂರು