ಆನ್‌ಫೀಲ್ಡ್‌ಗೆ ಹೊರಟಿರುವ ಅಳಿಯನಿಗೆ

ಚಿ. ಪುಟ್ಟುವಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ವೀಸಾ, ರಜೆ, ವಿಮಾನದ ದರ ಎಲ್ಲವನ್ನೂ ಓದಿದೆ. ಇಂಗ್ಲೆಂಡಿನ ಆನ್‌ಫೀಲ್ಡ್ ಮೈದಾನದಲ್ಲಿ ಲಿವರ್‌ಪೂಲ್ ತಂಡದ ಫುಟ್‌ಬಾಲ್ ಆಟ ನೋಡಬೇಕೆಂದು ನೀನು ಹಾಯ್‌ಸ್ಕೂಲಿನಿಂದಲೂ ಹಂಬಲಿಸಿದವನು, ಅದರ ಬಗ್ಗೆ ನಾನೇನು ಹೇಳಲಿ? ಆದರೆ ಕೊನೆಯಲ್ಲಿ, ಸಹಿಗೆ ಮುಂಚೆ ಒಂದು ಮಾತು ಬರೆದಿದ್ದೀಯ: "ಅಷ್ಟು ಜನರ ನಡುವೆ ನನ್ನ ಮುಖ ನೋಡಿ ಯಾರಾದರೂ, ಇವನಿಗೆ ಇಲ್ಲೇನು ಕೆಲಸ ಅಂದರೆ ಏನು ಮಾಡಲಿ ಮಾವ?" ಅದನ್ನು ಓದಿದಾಗಿನಿಂದ ಮನಸ್ಸು ನೆಟ್ಟಗಿಲ್ಲ. ನಿಮ್ಮಮ್ಮನಿಗೆ ಹೇಳಿದರೆ ಪ್ರಯಾಣವೇ ಬೇಡ ಎಂದಾಳು. ಅದಕ್ಕೇ ನಿನಗೇ ಬರೆಯಲು ಕುಳಿತೆ.

ನಿನ್ನ ಭಯ ಬರೀ ಭ್ರಮೆ ಎಂದು ಹೇಳಲು ನನ್ನಿಂದಾಗದು. ನಾನು ಇಂಗ್ಲೆಂಡಿನ ವೆಸ್ಟ್ ಬ್ರಾಮಿಚ್ ಕಡೆ ಡಾಕ್ಟರಾಗಿ ಕೆಲಸಕ್ಕಿದ್ದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮನೆ ಇದ್ದದ್ದು ಹ್ಯಾಂಡ್ಸ್‌ವರ್ತ್‌ನಲ್ಲಿ. ವೆಸ್ಟ್ ಬ್ರಾಮಿಚ್ ಆಲ್ಬಿಯನ್ ತಂಡದ ಹಾಥಾರ್ನ್ಸ್ ಮೈದಾನಕ್ಕೆ ಅಲ್ಲಿಂದ ನಡೆದೇ ಹೋಗಬಹುದಿತ್ತು. ಶನಿವಾರ ಮಧ್ಯಾಹ್ನ ಮೂರಕ್ಕೆ ಆಟ. ಊಟದ ಹೊತ್ತು ಕಳೆಯುತ್ತಿದ್ದಂತೆ ಕಡುನೀಲಿ, ಬಿಳಿ ಉಣ್ಣೆಯ ಮಫ್ಲರ್ ಸುತ್ತಿಕೊಂಡ ಗಂಡಸರು, ಮಕ್ಕಳು ಬೀದಿ ತುಂಬ ನಡೆದುಹೋಗುತ್ತಿದ್ದರು. ನಾನು ಪರದೆ ಸರಿಸಿ ನೋಡುತ್ತಿದ್ದೆ, ಅಷ್ಟೆ.

ಆಗ ಆ ತಂಡದಲ್ಲಿ ಸಿರಿಲ್ ರೆಜಿಸ್, ಲಾರಿ ಕನ್ನಿಂಗ್‌ಹ್ಯಾಮ್, ಬ್ರೆಂಡನ್ ಬ್ಯಾಟ್ಸನ್ ಎಂಬ ಮೂವರು ಕಪ್ಪು ವರ್ಣದ ಆಟಗಾರರಿದ್ದರು. ಒಂದೇ ತಂಡದಲ್ಲಿ ಅಂಥ ಮೂವರು ಆಡುವುದು ಆ ಕಾಲದ ಇಂಗ್ಲೆಂಡಿನಲ್ಲಿ ಬಲು ಅಪರೂಪ. 1978ರ ಡಿಸೆಂಬರ್‌ನಲ್ಲಿ ಅವರು ಓಲ್ಡ್ ಟ್ರಾಫರ್ಡ್ ಮೈದಾನಕ್ಕೇ ಹೋಗಿ ಅಲ್ಲಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 5-3ರಿಂದ ಸೋಲಿಸಿ ಬಂದರು. ಅಂದೂ ಆ ಕಪ್ಪು ಆಟಗಾರರ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಪ್ರೇಕ್ಷಕರ ನಿಂದನೆಯ ಕೂಗಾಟ ನಡೆದೇ ಇತ್ತು. 1982ರಲ್ಲಿ ರೆಜಿಸ್ ಇಂಗ್ಲೆಂಡ್ ತಂಡಕ್ಕೆ ಆಯ್ಕೆಯಾದಾಗ ಯಾರೋ ಅಂಚೆಯಲ್ಲಿ ಬಂದೂಕಿನ ಗುಂಡು ಕಳಿಸಿದ್ದರು. ದೇಶಕ್ಕಾಗಿ ಆಡುವವನಿಗೇ ಹೀಗಾದರೆ ನನ್ನಂಥವನ ಪಾಡೇನು ಎಂದು ನಾನು ಲೆಕ್ಕ ಹಾಕಿಕೊಂಡೆ.

ನನ್ನ ವಾರ್ಡಿನಲ್ಲಿ ಎರಕದ ಕಾರ್ಖಾನೆಯಲ್ಲಿ ದುಡಿದ ಒಬ್ಬ ಹಿರಿಯರಿದ್ದರು. ಕಾದ ಲೋಹದ ಕಿಡಿ ಸಿಡಿದು ಅವರ ಮುಂಗೈ ತುಂಬ ಸಣ್ಣ ಸಣ್ಣ ಬಿಳಿ ಕಲೆಗಳು. ಶನಿವಾರ ಕಿವಿಗೆ ಟ್ರಾನ್ಸಿಸ್ಟರ್ ಹಚ್ಚಿಕೊಂಡೇ ಇರುತ್ತಿದ್ದರು. ನಾನು ನಾಡಿ ನೋಡಲು ಕೈ ಹಿಡಿದರೆ, "ನಮ್ಮ ಸಿರಿಲ್ ಇನ್ನೊಂದು ಗೋಲು ಹೊಡೆದ, ಡಾಕ್ಟರ್" ಎನ್ನುತ್ತಿದ್ದರು. ನಮ್ಮ ಸಿರಿಲ್! ಮನೆಮಗನ ಸುದ್ದಿ ಹೇಳುವ ದನಿ. ಗುಣವಾಗಿ ಹೋದ ಮೇಲೆ ಮತ್ತೆ ತೋರಿಸಲು ಬಂದವರು, ಮಗನ ಟಿಕೆಟ್ ಒಂದು ಮಿಕ್ಕಿದೆ, ಈ ಶನಿವಾರ ನನ್ನೊಡನೆ ಬನ್ನಿ ಎಂದು ಕರೆದರು. ಡ್ಯೂಟಿ ಇದೆ ಎಂದೆ. ಇರಲಿಲ್ಲ. ಅವರು ಪಕ್ಕದಲ್ಲೇ ಇರುತ್ತಿದ್ದರು, ಒಂದು ಮಾತು ಬಂದರೂ ನನಗಿಂತ ಮೊದಲು ಅವರೇ ಎದ್ದು ನಿಲ್ಲುತ್ತಿದ್ದರು. ಅದು ಗೊತ್ತಿದ್ದೂ ಹೋಗಲಿಲ್ಲ. ಈ ಊರಿಗೆ ಮರಳಿದ ಮೇಲೂ ಎಷ್ಟೋ ರಾತ್ರಿ ಅದು ನೆನಪಾಗಿ ಸಂಕಟವಾಗುತ್ತದೆ. ನಿಮ್ಮತ್ತೆಗೂ ಇದನ್ನು ಹೇಳಿಲ್ಲ.

ಹಾಗಾದರೆ ಈಗ ಹೇಗಿದೆ ಎಂದು ಕೇಳುತ್ತೀಯ. ಬದಲಾಗಿದೆ. ಆಟದ ಮೈದಾನದಲ್ಲಿ ಜನಾಂಗ ನಿಂದನೆಯ ಘೋಷಣೆ ಕೂಗುವುದು 1991ರ ಕಾನೂನಿನಿಂದ ಅಪರಾಧವಾಯಿತು. ಆ ಮೂವರ ಪ್ರತಿಮೆಯನ್ನು 2019ರಲ್ಲಿ ವೆಸ್ಟ್ ಬ್ರಾಮಿಚ್ ಊರ ನಡುವೆಯೇ ನಿಲ್ಲಿಸಿದ್ದಾರೆ. ಈಜಿಪ್ಟಿನ ಆಟಗಾರ ಸಲಾನಿಗಾಗಿ ನಿನ್ನ ಆನ್‌ಫೀಲ್ಡ್ ಹಾಡುವುದನ್ನು ನೀನೇ ಟೀವಿಯಲ್ಲಿ ಕೇಳಿದ್ದೀಯ. ಆದರೂ ಅದೇ ಆನ್‌ಫೀಲ್ಡ್‌ನಲ್ಲಿ 2025ರ ಆಗಸ್ಟ್‌ನಲ್ಲಿ, ಋತುವಿನ ಮೊದಲ ಪಂದ್ಯದಲ್ಲೇ, ಬೋರ್ನ್‌ಮತ್ ತಂಡದ ಆಂಟ್ವಾನ್ ಸೆಮೆನ್ಯೊ ತನ್ನನ್ನು ಒಬ್ಬ ಪ್ರೇಕ್ಷಕ ನಿಂದಿಸಿದನೆಂದು ರೆಫರಿಗೆ ದೂರು ಕೊಟ್ಟ. ಆಟ ನಿಲ್ಲಿಸಿದರು, ಆ ಪ್ರೇಕ್ಷಕನನ್ನು ಹೊರಗೆ ಕಳಿಸಿದರು. ಸೆಮೆನ್ಯೊ ಆಮೇಲೆ ಎರಡು ಗೋಲು ಹೊಡೆದ. ಇದನ್ನು ನಿನ್ನಿಂದ ಬಚ್ಚಿಡುವುದು ಸರಿಯಲ್ಲವೆನಿಸಿತು. ಯಾರೂ ಏನೂ ಅನ್ನುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಯಾರಾದರೂ ಅಂದರೆ ಅವರನ್ನು ಪ್ರಶ್ನಿಸುವವರು ಇದ್ದಾರೆ ಎಂದಷ್ಟೇ ಹೇಳಬಲ್ಲೆ. ನನ್ನ ಕಾಲದಲ್ಲಿ ಆ ಧೈರ್ಯ ಇರಲಿಲ್ಲ.

ಅಂಥದ್ದೇನಾದರೂ ಆದರೆ ಎದುರುತ್ತರ ಕೊಡಬೇಡ. ಸಾಲು, ಆಸನದ ಸಂಖ್ಯೆ ನೋಡಿಟ್ಟುಕೊಂಡು ಹತ್ತಿರದ ಸ್ಟೀವರ್ಡ್‌ಗೆ, ಅಂದರೆ ಪ್ರೇಕ್ಷಕರನ್ನು ನೋಡಿಕೊಳ್ಳುವ ಮೈದಾನದ ಸಿಬ್ಬಂದಿಗೆ ಹೇಳು. ಆಟ ಮುಗಿಯಲಿ ಎಂದು ಕಾಯಬೇಡ. ಇಷ್ಟು ಬಿಟ್ಟರೆ ನನ್ನ ಬಳಿ ಬೇರೆ ಉಪಾಯವಿಲ್ಲ, ಬೇಸರಿಸಬೇಡ.

ಇವನಿಗೆ ಇಲ್ಲೇನು ಕೆಲಸ ಎಂಬ ಮಾತು ಬಂತಲ್ಲ. ಸಾರಂಗಪಾಣಿ ರಾಮನ್ ಹೆಸರು ನಿಮ್ಮ ತಾತನ ಬಾಯಲ್ಲಿ ಕೇಳಿದ್ದೀಯೋ ಇಲ್ಲವೋ. ನಮ್ಮ ಬೆಂಗಳೂರಿನ ಆಟಗಾರ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಇಲ್‌ಫರ್ಡ್‌ನ ಮೈದಾನದಲ್ಲಿ, ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವನು ಅವನೇ. ನಮ್ಮವರಲ್ಲಿ ಬಹುಪಾಲು ಮಂದಿ ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 2-1ರಿಂದ ಸೋತರು. ಇಂಗ್ಲಿಷ್ ಹುಲ್ಲಿನ ಮೇಲೆ ನಮ್ಮವನೊಬ್ಬ ಗೋಲು ಹೊಡೆದ ದೇಶದಲ್ಲಿ, ದುಡ್ಡು ಕೊಟ್ಟು ಸೀಟಿನಲ್ಲಿ ಕೂರುವ ನಿನಗೆ ಯಾರ ಅಪ್ಪಣೆ ಬೇಕು? ಇದನ್ನು ಬರೆಯುವಾಗ ನನಗೇ ಸಿಟ್ಟು ಬರುತ್ತಿದೆ.

ಟಿಕೆಟ್ಟಿನ ವಿಷಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಹೇಳಿಬಿಡುತ್ತೇನೆ. ಕ್ಲಬ್ಬಿನ ಸದಸ್ಯತ್ವ ಪಡೆದು ಅವರಿಂದಲೇ ಕೊಳ್ಳು. ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರಾಟ ಮಾಡುವುದು ಅಲ್ಲಿ ಅಪರಾಧ. ಯಾರದೋ ಟಿಕೆಟ್ ಹಿಡಿದು ಗೇಟಿನಲ್ಲಿ ಸಿಕ್ಕಿಬಿದ್ದರೆ, ನೀನು ಹೆದರಿದ ಆ ಮಾತು ಬೇರೆ ರೀತಿಯಲ್ಲಿ ಬಂದೇ ಬರುತ್ತದೆ. ಟೀವಿಯವರ ಅನುಕೂಲಕ್ಕೆ ಶನಿವಾರದ ಪಂದ್ಯ ಭಾನುವಾರಕ್ಕೋ ಸೋಮವಾರಕ್ಕೋ ಹೋಗುವುದುಂಟು, ಹಿಂದೆ ಮುಂದೆ ಎರಡು ದಿನ ಕೈಯಲ್ಲಿಟ್ಟುಕೊಂಡು ವಿಮಾನ ಕಾದಿರಿಸು. ಎದುರಾಳಿ ತಂಡದ ಅಭಿಮಾನಿಗಳು ಕೂರುವ ಕಡೆ ಲಿವರ್‌ಪೂಲ್‌ನ ಕೆಂಪು ಅಂಗಿ ತೊಟ್ಟು ಹೋಗಬೇಡ. ಅಲ್ಲಿ ಚಳಿಗಿಂತ ಗಾಳಿಯದೇ ಕಾಟ, ದಪ್ಪ ಕಾಲುಚೀಲ ಇರಲಿ.

ಪಕ್ಕದಲ್ಲಿ ವಯಸ್ಸಾದವರು ಯಾರಾದರೂ ಕೂತಿದ್ದರೆ ಮಾತಾಡಿಸು. ಎಷ್ಟು ವರ್ಷದಿಂದ ಬರುತ್ತಿದ್ದೀರಿ ಎಂದು ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಆಟ ಮುಗಿದ ರಾತ್ರಿಯೇ ನನಗೆ ಫೋನ್ ಮಾಡು. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಎದ್ದಿರುತ್ತೇನೆ. ಯಾರಾದರೂ ಏನಾದರೂ ಅಂದಿದ್ದರೆ ಅದನ್ನೂ ಮುಚ್ಚಿಡದೆ ಹೇಳು. ನಿಮ್ಮಮ್ಮನಿಗೆ ಈ ಪತ್ರ ತೋರಿಸಬೇಡ.

ನಿನ್ನ ಪ್ರೀತಿಯ
ಮಾವ
ಮೈಸೂರು